ನಾಲಿಗೆಗೆ ಪರೀಕ್ಷೆ, ಚಾಲನೆಗೆ ಅಲ್ಲ

ಟ್ರಕ್ ಚಾಲಕನಿಗೆ ಇಂಗ್ಲಿಷ್ ತಿಳಿದಿರಬೇಕೆಂಬ ನಿಯಮ ಅಮೆರಿಕದಲ್ಲಿ ಹಲವು ದಶಕಗಳಷ್ಟು ಹಳೆಯದು. ಆದರೆ ಆ ಕಾರಣಕ್ಕಾಗಿ ಚಾಲಕನನ್ನು ರಸ್ತೆಯಿಂದ ಕೆಳಗಿಳಿಸಬಾರದೆಂದು 2016ರಲ್ಲಿ ಅಲ್ಲಿನ ಫೆಡರಲ್ ಸರಕಾರವೇ ಸೂಚಿಸಿತ್ತು. 2025ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಟ್ರಂಪ್ ಈ ನೀತಿಯನ್ನು ತಲೆಕೆಳಗಾಗಿಸುವ ಆದೇಶ ಹೊರಡಿಸಿದರು. ಜೂನ್ 25ರಿಂದ, ಇಂಗ್ಲಿಷ್‌ನಲ್ಲಿ ಉತ್ತರಿಸಲಾರದ ಚಾಲಕನನ್ನು ನಿಂತಲ್ಲೇ ಕೆಲಸದಿಂದ ತಡೆಯುವ ಹೊಣೆ ರಾಜ್ಯಗಳ ಪೊಲೀಸರ ಹೆಗಲೇರಿತು. ಸಂಭಾಷಣೆಯ ಪರೀಕ್ಷೆಯಲ್ಲಿ ದುಭಾಷಿಯ ನೆರವಾಗಲಿ, ಮೊಬೈಲ್‌ನ ಅನುವಾದವಾಗಲಿ ಸಲ್ಲದು.

ಹೆದ್ದಾರಿಯ ಫಲಕ ಅರ್ಥವಾಗದವನು ಟ್ರಕ್ ಓಡಿಸಬಾರದು ಎಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. 2025ರ ಆಗಸ್ಟ್‌ನಲ್ಲಿ ಫ್ಲೋರಿಡಾದ ಹೆದ್ದಾರಿಯಲ್ಲಿ ಟ್ರಕ್ಕೊಂದು ಅಕ್ರಮವಾಗಿ ಯು-ತಿರುವು ಪಡೆದಾಗ ಮೂವರು ಸತ್ತರು. ಆ ಜೀವಗಳ ಬೆಲೆಯನ್ನು ಯಾರೂ ಕಡೆಗಣಿಸುವಂತಿಲ್ಲ. ಆದರೆ ಫಲಕ ಓದಲಾರದವನಿಗೆ ಪರವಾನಿಗೆ ಕೊಟ್ಟವರಾರು? ಪರೀಕ್ಷೆ ನಡೆಯಬೇಕಾದುದು ಪರವಾನಿಗೆಯ ಕಚೇರಿಯಲ್ಲಿ. ಅಲ್ಲಿನ ಲೋಪವನ್ನು ಮುಚ್ಚಿಟ್ಟು, ದುಡಿದು ತಿನ್ನುವವನನ್ನು ನಡುದಾರಿಯಲ್ಲಿ ನಿಲ್ಲಿಸುವುದು ಸುರಕ್ಷತೆಯೂ ಅಲ್ಲ, ನ್ಯಾಯವೂ ಅಲ್ಲ.

ನಿಯಮದ ಪ್ರಕಾರ ಚಾಲಕನಿಗೆ 'ಸಾಕಾಗುವಷ್ಟು' ಇಂಗ್ಲಿಷ್ ಬರಬೇಕು. ಎಷ್ಟಾದರೆ ಸಾಕು? ಅದನ್ನು ನಿರ್ಧರಿಸುವವನು ರಸ್ತೆಬದಿಯ ಅಧಿಕಾರಿ. ಅಳತೆಗೋಲು ಅಧಿಕಾರಿಯ ಮನಸ್ಸಿನಲ್ಲಿದ್ದಾಗ ಪೇಟ, ಗಡ್ಡ, ಮೈಬಣ್ಣಗಳೂ ತೂಕಕ್ಕೆ ಬರುತ್ತವೆ ಎಂಬ ಭಯ ಅಕಾರಣವಲ್ಲ. ಕ್ಯಾಲಿಫೋರ್ನಿಯಾದ ಟ್ರಕ್ ಚಾಲಕರಲ್ಲಿ ಪಂಜಾಬಿ ಸಿಖ್ಖರು ಬಹಳ ಮಂದಿಯಿದ್ದಾರೆ ಎಂಬುದನ್ನು ಇಲ್ಲಿ ಮರೆಯಬಾರದು.

ಫೆಡರಲ್ ಕಾನೂನನ್ನು ಜಾರಿಗೊಳಿಸುವಂತೆ ರಾಜ್ಯದ ಅಧಿಕಾರಿಗಳನ್ನು ಬಲವಂತಪಡಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1997ರಲ್ಲೇ ತೀರ್ಪಿತ್ತಿದೆ. ಆದ್ದರಿಂದ ಆಜ್ಞೆಯ ಬದಲು ಅನುದಾನವೇ ಚಾಟಿಯಾಗುತ್ತದೆ. ಭಾಷಾ ನಿಯಮವನ್ನು ಜಾರಿಗೊಳಿಸುತ್ತಿಲ್ಲವೆಂಬ ಕಾರಣ ನೀಡಿ, 2025ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ 4 ಕೋಟಿ ಡಾಲರಿಗೂ ಮಿಕ್ಕಿದ ಅನುದಾನವನ್ನು ತಡೆಹಿಡಿಯಲಾಯಿತು. ಅದು ರಸ್ತೆ ಸುರಕ್ಷತೆಗೆಂದೇ ಮೀಸಲಾದ ಹಣ! ಸುರಕ್ಷತೆಯ ಹೆಸರಿನಲ್ಲಿ ಸುರಕ್ಷತೆಯ ಹಣವನ್ನೇ ಕಿತ್ತುಕೊಳ್ಳುವುದು ಎಂತಹ ತರ್ಕ?

ಈ ವಿಷಯದಲ್ಲಿ ನಮ್ಮ ದೇಶದ ಅನುಭವ ಗಮನಾರ್ಹವಾದುದು. ಸಾರಿಗೆ ವಾಹನದ ಚಾಲಕ ಎಂಟನೆಯ ತರಗತಿ ಪಾಸಾಗಿರಬೇಕೆಂಬ ಕೇಂದ್ರದ ನಿಯಮವನ್ನು 2019ರಲ್ಲಿ ಕೈಬಿಡಲಾಯಿತು. ಮುಸ್ಲಿಮರು ಬಹುಸಂಖ್ಯಾತರಾಗಿರುವ ಮೇವಾತ್‌ನ ಬಡ ಚಾಲಕರಿಗಾಗಿ ಹರ್ಯಾಣ ಸರಕಾರ ಮಂಡಿಸಿದ ಬೇಡಿಕೆ ಅದಕ್ಕೊಂದು ಕಾರಣವಾಗಿತ್ತು. ಪ್ರಮಾಣಪತ್ರದ ಬದಲು ತರಬೇತಿ ಮತ್ತು ಚಾಲನಾ ಕೌಶಲಕ್ಕೆ ಒತ್ತು ನೀಡಬೇಕೆಂಬುದೇ ಆ ನಿರ್ಧಾರದ ತಿರುಳು. ನಮ್ಮೂರಿನ ಲಾರಿ ಚಾಲಕರು ಮಂಗಳೂರಿನಿಂದ ಹೊರಟು ಹತ್ತು ಭಾಷೆಗಳ ಸೀಮೆಗಳನ್ನು ದಾಟುತ್ತಾರೆ. ತಮಿಳು ಬಾರದೆಂದು, ಬಂಗಾಳಿ ಬಾರದೆಂದು ಪೊಲೀಸರು ಅವರ ಕೀಲಿಕೈ ಕಸಿದುಕೊಂಡರೆ ಅವರ ಮಕ್ಕಳ ಗತಿಯೇನು?

ಅಪರಾಧಕ್ಕೆ ಶಿಕ್ಷೆಯಾಗಲಿ. ಆದರೆ ಮಾತೃಭಾಷೆ ಅಪರಾಧವಲ್ಲ. ಕಾನೂನು ಚಾಲಕನ ಕೈಕಾಲುಗಳ ನಿಪುಣತೆಯನ್ನು ಅಳೆಯಲಿ, ಉಚ್ಚಾರವನ್ನಲ್ಲ.