ಕ್ಷಮೆಯ ಹೆಸರಿನಲ್ಲಿ ಕಡಿತವಾದ 3,540 ರೂಪಾಯಿ

ಘಾಟ್ಕೋಪರ್ ಪೂರ್ವದ ಪಂತ್ ನಗರದ ಹಳೆಯ ಕಟ್ಟಡವೊಂದರಲ್ಲಿ ವಾಸಿಸುವ ಅರವತ್ತು ದಾಟಿದ ಶ್ರಾವಿಕೆಯೊಬ್ಬರು ಪತಿಯನ್ನು ಕಳೆದುಕೊಂಡ ಮೇಲೆ ಹಪ್ಪಳ ಲಟ್ಟಿಸಿ ಜೀವನ ಸಾಗಿಸುತ್ತಿದ್ದಾರೆ. ಅವರ ಉಳಿತಾಯ ಖಾತೆಯಲ್ಲಿ 2,400 ರೂಪಾಯಿ ಇತ್ತು. ಬ್ಯಾಂಕು ಆರು ತಿಂಗಳ ಕಾಲ ತಿಂಗಳಿಗೆ 590 ರೂಪಾಯಿಯಂತೆ ಕಡಿತ ಮಾಡಿತು. 500 ರೂಪಾಯಿ ಕನಿಷ್ಠ ಶಿಲ್ಕು ಇಡದಿದ್ದುದಕ್ಕೆ ದಂಡ. 90 ರೂಪಾಯಿ ಆ ದಂಡದ ಮೇಲಿನ ಜಿಎಸ್‌ಟಿ. ಐದನೆಯ ತಿಂಗಳಿಗೆ ಖಾತೆ ಶೂನ್ಯಕ್ಕಿಂತ ಕೆಳಗಿಳಿಯಿತು. ದೀಪಾವಳಿಗೆಂದು ಮಗಳು ಕಳುಹಿಸಿದ ಎರಡು ಸಾವಿರದಲ್ಲಿ 1,140 ರೂಪಾಯಿಯನ್ನು ಬ್ಯಾಂಕು ‘ಬಾಕಿ’ ಎಂದು ಹಿಡಿದುಕೊಂಡಿತು. ತಾಯಿಯ ಕೈಗೆ ಸಿಕ್ಕಿದ್ದು 860.

ಪಾಸ್‌ಬುಕ್ ಹಿಡಿದು ಅವರು ಸಮಾಜದ ಹಿರಿಯರೊಬ್ಬರ ಬಳಿಗೆ ಹೋದಾಗ ದೊರೆತ ಉತ್ತರ ಇದು: “ಬಿಡಿ ಅಕ್ಕ, ಮೂರು ಸಾವಿರಕ್ಕೆ ಕೋರ್ಟು ಮೆಟ್ಟಿಲು ಹತ್ತುವುದೇ? ಕ್ಷಮಿಸಿಬಿಡಿ. ನಮ್ಮ ಧರ್ಮ ಹೇಳುವುದೂ ಅದನ್ನೇ ತಾನೆ?”

ಧರ್ಮ ಅದನ್ನು ಹೇಳುವುದಿಲ್ಲ. ಸಂವತ್ಸರಿಯ ದಿನ ಕ್ಷಮೆ ಯಾಚಿಸುವವನು ತಪ್ಪು ಮಾಡಿದವನು. ಕ್ಷಮಿಸುವವನು ತಪ್ಪಿಗೆ ಗುರಿಯಾದವನು. ಬ್ಯಾಂಕು ಕ್ಷಮೆ ಕೇಳಿಲ್ಲ. ತಾನು ತಪ್ಪು ಮಾಡಿದ್ದೇನೆಂದು ಒಪ್ಪಿಯೂ ಇಲ್ಲ. ನಡುವೆ ನಿಂತ ಹಿರಿಯರು ಪರರ ಹಣವನ್ನು ಪರರ ಪರವಾಗಿ ಕ್ಷಮಿಸಿಬಿಟ್ಟರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನೂ ಎಣಿಸಿದೆ. ಕೊಡುವಾಗ ಕಡಿಮೆ ಅಳತೆ, ಕೊಳ್ಳುವಾಗ ಹೆಚ್ಚಿನ ಅಳತೆ ಬಳಸುವುದು ಕಳ್ಳತನದ ದೋಷವೇ ಎಂಬುದು ಅದರ ಅಭಿಪ್ರಾಯ. ಉಳಿತಾಯಕ್ಕೆ ನೂರಕ್ಕೆ ಮೂರರ ಆಸುಪಾಸಿನ ಬಡ್ಡಿ ಕೊಟ್ಟು, ಶಿಲ್ಕು ಕಡಿಮೆಯಾದುದಕ್ಕೆ ತಿಂಗಳಿಗೆ 500 ರೂಪಾಯಿ ಕೀಳುವ ತಕ್ಕಡಿಯನ್ನು ಯಾವ ಅಳತೆ ಎಂದು ಕರೆಯಬೇಕು?

ಕಾನೂನೂ ಬ್ಯಾಂಕಿನ ಪರವಾಗಿಲ್ಲ. 2014ರ ನವೆಂಬರ್ 20ರಂದು ಭಾರತೀಯ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆ 2015ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರಂತೆ ಶಿಲ್ಕು ಕಡಿಮೆಯಾದಾಗ ಗ್ರಾಹಕರಿಗೆ ಎಸ್‌ಎಂಎಸ್, ಇ-ಮೇಲ್ ಅಥವಾ ಪತ್ರದ ಮೂಲಕ ಮೊದಲು ತಿಳಿಸಬೇಕು. ಸರಿಪಡಿಸಿಕೊಳ್ಳಲು ಒಂದು ತಿಂಗಳಾದರೂ ಅವಕಾಶ ಕೊಡಬೇಕು. ದಂಡವು ಕೊರತೆಯ ಪ್ರಮಾಣಕ್ಕೆ ತಕ್ಕಂತಿರಬೇಕು. ಈ ದಂಡವೊಂದರಿಂದಲೇ ಖಾತೆ ಮೈನಸ್‌ಗೆ ಇಳಿಯಕೂಡದು. ಪಂತ್ ನಗರದ ಖಾತೆಯಲ್ಲಿ ಈ ಮೂರೂ ಮುರಿದಿವೆ. ಸೂಚನೆ ಬಂದಿಲ್ಲ; ಕೊರತೆ ತಿಂಗಳಿಂದ ತಿಂಗಳಿಗೆ ಬದಲಾದರೂ ದಂಡ ಮಾತ್ರ ಅದೇ 500; ಮೈನಸ್ ಎಂಬುದು ಪಾಸ್‌ಬುಕ್ಕಿನಲ್ಲಿಯೇ ಅಚ್ಚಾಗಿದೆ.

ಇದು ಒಬ್ಬ ತಾಯಿಯ ಅಪರೂಪದ ದುರದೃಷ್ಟವೂ ಅಲ್ಲ. 2017ರ ಏಪ್ರಿಲ್‌ನಿಂದ ನವೆಂಬರ್‌ವರೆಗಿನ ಎಂಟೇ ತಿಂಗಳಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಈ ಬಾಬ್ತಿನಲ್ಲಿ ಸಂಗ್ರಹಿಸಿದ ಮೊತ್ತ 1,771 ಕೋಟಿ ರೂಪಾಯಿ. ಟೀಕೆಗಳ ನಂತರ 2020ರಲ್ಲಿ ಅದು ದಂಡವನ್ನೇ ಕೈಬಿಟ್ಟಿತು. ಆದರೂ 2019-20ರಿಂದ 2023-24ರವರೆಗಿನ ಐದು ವರ್ಷಗಳಲ್ಲಿ ಸರಕಾರಿ ಬ್ಯಾಂಕುಗಳು ಕನಿಷ್ಠ ಶಿಲ್ಕಿನ ದಂಡವಾಗಿ ಸುಮಾರು 8,500 ಕೋಟಿ ವಸೂಲು ಮಾಡಿರುವುದಾಗಿ ಸರಕಾರವೇ ಸಂಸತ್ತಿಗೆ ತಿಳಿಸಿತು. ಲಕ್ಷ್ಮೀಪುತ್ರರ ಖಾತೆಯಲ್ಲಿ ಶಿಲ್ಕು ಕಡಿಮೆಯಾಗುವುದಿಲ್ಲ. ಈ ಕೋಟಿಗಳು ಬಂದದ್ದು ಇಲ್ಲದವರಿಂದ.

ಘಾಟ್ಕೋಪರ್‌ಗೆ ಕೂಗಳತೆಯ ಪವಾಯಿಯಲ್ಲಿ ಒಂದು ಪಾಠ ಇದೆ. ಅಲ್ಲಿನ ಐಐಟಿ ಬಾಂಬೆಯ ಪ್ರಾಧ್ಯಾಪಕ ಆಶಿಶ್ ದಾಸ್ ಅವರು ಬಡವರ ಮೂಲ ಉಳಿತಾಯ ಖಾತೆಗಳನ್ನು ಅಧ್ಯಯನ ಮಾಡಿ, ತಿಂಗಳಿಗೆ ನಾಲ್ಕನ್ನು ಮೀರಿದ ಪ್ರತಿ ಡಿಜಿಟಲ್ ಪಾವತಿಗೂ 17 ರೂಪಾಯಿ 70 ಪೈಸೆ ಕಡಿತವಾಗುತ್ತಿದ್ದುದನ್ನು ಬಯಲಿಗೆ ತಂದರು. 2020ರ ಆಗಸ್ಟ್ 30ರಂದು ಕೇಂದ್ರ ನೇರ ತೆರಿಗೆ ಮಂಡಳಿಯು, ಆ ವರ್ಷದ ಜನವರಿ 1ರಿಂದ ಇಂಥ ಪಾವತಿಗಳ ಮೇಲೆ ವಸೂಲಾದ ಶುಲ್ಕವನ್ನು ಮರಳಿಸುವಂತೆ ಬ್ಯಾಂಕುಗಳಿಗೆ ಸೂಚಿಸಿತು. ಹದಿನೇಳು ರೂಪಾಯಿ ಎಪ್ಪತ್ತು ಪೈಸೆಯನ್ನು ಪ್ರಶ್ನಿಸುವುದು ಒಬ್ಬ ಪ್ರಾಧ್ಯಾಪಕರಿಗೆ ಕೀಳೆನಿಸಲಿಲ್ಲ. ದೀಪಾವಳಿಯಂದು ಲೆಕ್ಕದ ಪುಸ್ತಕವನ್ನೇ ಪೂಜಿಸುವ ಸಮಾಜಕ್ಕೆ ಏಕೆ ಕೀಳೆನಿಸಬೇಕು?

ಕಾರಣ ಕ್ಷಮೆಯಲ್ಲ, ದಾಕ್ಷಿಣ್ಯ. ಮಹಾವೀರ ಜಯಂತಿಯ ಫಲಕದಲ್ಲಿ ಬ್ಯಾಂಕಿನ ಹೆಸರು ಇರುತ್ತದೆ. ಟ್ರಸ್ಟಿನ ಠೇವಣಿ ಅಲ್ಲಿಯೇ ಇರುತ್ತದೆ. ಮ್ಯಾನೇಜರರನ್ನು ವೇದಿಕೆಗೆ ಕರೆದು ಶಾಲು ಹೊದಿಸಿರುತ್ತಾರೆ. ಸ್ವಾರಸ್ಯವೆಂದರೆ, ಕಾನೂನು ಈ ವಿಷಯದಲ್ಲಿ ದೊಡ್ಡವರಿಗಿಂತ ಚಿಕ್ಕವರಿಗೇ ಬಾಗಿಲು ತೆರೆದಿಟ್ಟಿದೆ. ಟ್ರಸ್ಟು ಗ್ರಾಹಕ ದೂರು ನೀಡಲಾರದೆಂದು ಸುಪ್ರೀಂ ಕೋರ್ಟು 2017ರಲ್ಲಿ ಮುಂಬಯಿಯದೇ ಪ್ರತಿಭಾ ಪ್ರತಿಷ್ಠಾನದ ಪ್ರಕರಣದಲ್ಲಿ ಹಳೆಯ ಕಾಯಿದೆಯಡಿ ತೀರ್ಪಿತ್ತಿತು. ವ್ಯಾಪಾರಕ್ಕಾಗಿ ಓವರ್‌ಡ್ರಾಫ್ಟ್ ಪಡೆದ ಷೇರು ದಲ್ಲಾಳಿ ಗ್ರಾಹಕನಲ್ಲವೆಂದು 2022ರ ಶ್ರೀಕಾಂತ್ ಮಂತ್ರಿ ಪ್ರಕರಣದಲ್ಲಿ ಹೇಳಿತು. ಹಪ್ಪಳ ಲಟ್ಟಿಸುವ ತಾಯಿಯ ಉಳಿತಾಯ ಖಾತೆಗೆ ಅಂಥ ಅಡ್ಡಿ ಇಲ್ಲ.

ದೂರಿನ ಸಿದ್ಧತೆಯೂ ಹಿರಿಯರು ಹೆದರಿಸುವಷ್ಟು ಕಠಿಣವಲ್ಲ. ಮೊದಲು ಬೇಕಾದುದು ಎರಡು ವರ್ಷಗಳ ಖಾತೆ ವಿವರಣೆ. ಪ್ರತಿ ಕಡಿತದ ದಿನಾಂಕ, ಮೊತ್ತ, ತೆರಿಗೆ, ಅಂದಿನ ಶಿಲ್ಕು ಇವನ್ನು ಒಂದು ಹಾಳೆಯಲ್ಲಿ ಕ್ರಮವಾಗಿ ಬರೆಯಬೇಕು. ಈ ಒಂದು ಹಾಳೆಯೇ ಪ್ರಕರಣದ ಜೀವ. ಉಳಿದುದೆಲ್ಲ ಅದರ ಲಗತ್ತು. ಖಾತೆ ತೆರೆದಾಗಿನ ಶುಲ್ಕಪಟ್ಟಿಯನ್ನೂ, ಮುನ್ಸೂಚನೆ ಕಳುಹಿಸಿದ್ದರೆ ಅದರ ಪ್ರತಿಯನ್ನೂ ಬ್ಯಾಂಕಿನಿಂದ ಲಿಖಿತವಾಗಿ ಕೇಳಿ ಸ್ವೀಕೃತಿ ಪಡೆಯಬೇಕು. ಕೌಂಟರಿನಲ್ಲಿ ಆಡಿದ ಮಾತು ಸಾಕ್ಷ್ಯವಾಗಿ ನಿಲ್ಲುವುದು ಕಷ್ಟ.

ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನಕರವಲ್ಲದಿದ್ದರೆ, 2021ರ ನವೆಂಬರ್ 12ರಂದು ಆರಂಭವಾದ ರಿಸರ್ವ್ ಬ್ಯಾಂಕಿನ ಸಮಗ್ರ ಓಂಬುಡ್ಸ್‌ಮನ್ ಯೋಜನೆಯಡಿ ಉಚಿತವಾಗಿ ದೂರು ಕೊಡಬಹುದು. ಇನ್ನೊಂದು ದಾರಿ ಬಾಂದ್ರಾ ಪೂರ್ವದಲ್ಲಿರುವ ಮುಂಬಯಿ ಉಪನಗರ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದು. ಐದು ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಆನ್‌ಲೈನ್ ಸಲ್ಲಿಕೆಗೂ ಅವಕಾಶ ಇದೆ. ಆದರೆ ಆಯೋಗದ ಮುಂದೆ ಇರುವ ವಿಷಯವನ್ನು ಓಂಬುಡ್ಸ್‌ಮನ್ ಎತ್ತಿಕೊಳ್ಳುವುದಿಲ್ಲ. ಆದ್ದರಿಂದ ಯಾವ ಬಾಗಿಲು ಮೊದಲು ಎಂಬುದನ್ನು ಯೋಚಿಸಿಯೇ ತೀರ್ಮಾನಿಸಬೇಕು. ಕೋರಿಕೆಯಲ್ಲಿ ಅಸಲು, ಬಡ್ಡಿ, ಮಾನಸಿಕ ಕ್ಲೇಶದ ಪರಿಹಾರ, ವೆಚ್ಚ ಇವನ್ನು ಬೇರೆಬೇರೆಯಾಗಿ ನಮೂದಿಸಬೇಕು. ಮೂರು ಸಾವಿರದ ನಷ್ಟಕ್ಕೆ ಮೂವತ್ತು ಲಕ್ಷ ಕೇಳುವವರೂ ಇದ್ದಾರೆ. ಅದರಿಂದ ಹಗುರಾಗುವುದು ದೂರೇ.

ಪರ್ಯುಷಣದ ದಿನಗಳಲ್ಲಿ ಒಂದೊಂದು ಬೋಲಿಗೆ ಲಕ್ಷಗಟ್ಟಲೆ ಕೂಗುವ ಸಂಘಗಳು ಉಪಾಶ್ರಯದ ಮೂಲೆಯಲ್ಲಿ ಒಂದು ಮೇಜು ಹಾಕಿ, ಲೆಕ್ಕ ಬಲ್ಲ ಇಬ್ಬರು ತರುಣರನ್ನು ಭಾನುವಾರ ಎರಡು ಗಂಟೆ ಕೂರಿಸಿದರೆ ಇಂಥ ಹತ್ತಾರು ಹಾಳೆಗಳು ಸಿದ್ಧವಾಗುತ್ತವೆ. ಅದಕ್ಕೆ ದಾನಿಗಳ ಫಲಕ ಬೇಕಿಲ್ಲ.

ಕಾಯಿದೆಯಂತೆ ಆಯೋಗಕ್ಕೆ ದೂರು ನೀಡಲು ಇರುವ ಅವಧಿ ಎರಡು ವರ್ಷ. ವಿಳಂಬ ಮನ್ನಾ ಆಗಬೇಕಾದರೆ ಸಮರ್ಪಕ ಕಾರಣ ತೋರಿಸಬೇಕು. ‘ಹಿರಿಯರು ಬೇಡವೆಂದರು’ ಎಂಬುದು ಅಂಥ ಕಾರಣವಾಗುವುದು ಸಂಶಯ. ಪಂತ್ ನಗರದ ಖಾತೆಯಲ್ಲಿ ಮೊದಲ 590 ರೂಪಾಯಿ ಕಡಿತವಾದ ದಿನದಿಂದ ಎಣಿಸಿದರೆ ಇನ್ನು ಉಳಿದಿರುವುದು ಏಳು ವಾರ.