ಕೊಳ್ಳಲು ಸಹಾಯಧನ, ಕೆಟ್ಟರೆ ಯಾರು ದಿಕ್ಕು?

ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರ ಹೋಬಳಿಯಾಗಲಿ, ಕಪಿಲೆಯು ಕಾವೇರಿಯನ್ನು ಸೇರುವ ತಿ. ನರಸೀಪುರದ ಬಯಲಾಗಲಿ, ಅಲ್ಲಿನ ಬೇಸಾಯ ಇಂದು ಎತ್ತಿನ ಜೋಡಿಯನ್ನು ನಂಬಿ ನಿಂತಿಲ್ಲ. ಅಮೆರಿಕ, ಆಸ್ಟ್ರೇಲಿಯಾಗಳ ರೈತರು ಕೆಸರು, ಮರಳು, ಹಳ್ಳ, ದಿಣ್ಣೆ ಎನ್ನದೆ ಓಡಾಡಲು ನಾಲ್ಕು ಚಕ್ರದ ಪುಟ್ಟ ವಾಹನಗಳನ್ನು ಇಟ್ಟುಕೊಂಡಿರುತ್ತಾರೆ. ನಮ್ಮಲ್ಲಿ ಆ ಕೆಲಸವೆಲ್ಲ ಸಣ್ಣ ಟ್ರ್ಯಾಕ್ಟರ್ ಮತ್ತು ಪವರ್ ಟಿಲ್ಲರ್‌ಗಳ ಪಾಲಿನದು. ಬೆಳಿಗ್ಗೆ ಗದ್ದೆಯ ಕೆಸರಿನಲ್ಲಿ ಉಳುವ ಯಂತ್ರವೇ ಮಧ್ಯಾಹ್ನ ನಾಲೆಯ ಏರಿಯ ಮೇಲೆ ಗೊಬ್ಬರ ಹೊರುತ್ತದೆ. ಸಂಜೆ ಟ್ರೈಲರ್ ಎಳೆದುಕೊಂಡು ಡಾಂಬರು ರಸ್ತೆಗೆ ಬರುತ್ತದೆ. ಇಷ್ಟೊಂದು ದುಡಿಯುವ ಯಂತ್ರ ಕೆಟ್ಟು ನಿಂತರೆ ಅದನ್ನು ಎಬ್ಬಿಸುವವರು ಯಾರು ಎಂಬ ಪ್ರಶ್ನೆಗೆ ಮಾತ್ರ ನಮ್ಮ ಕೃಷಿ ನೀತಿಯಲ್ಲಿ ಸ್ಪಷ್ಟ ಉತ್ತರವಿಲ್ಲ.

ಯಂತ್ರವನ್ನು ರೈತನ ಅಂಗಳಕ್ಕೆ ತಲುಪಿಸುವಲ್ಲಿ ಸರ್ಕಾರಗಳು ಹಿಂದೆ ಬಿದ್ದಿಲ್ಲ ಎಂಬುದನ್ನು ಒಪ್ಪಬೇಕು. ಕೇಂದ್ರದ ಕೃಷಿ ಯಾಂತ್ರೀಕರಣ ಉಪ ಅಭಿಯಾನ 2014–15ರಲ್ಲಿ ಆರಂಭವಾಯಿತು. ಅದರಡಿ ಹಲವು ಯಂತ್ರಗಳ ಬೆಲೆಯಲ್ಲಿ ಶೇ 40ರಿಂದ 50ರಷ್ಟು ಸಹಾಯಧನ ದೊರೆಯುತ್ತದೆ. ಅದೇ ಅವಧಿಯಲ್ಲಿ ರಾಜ್ಯ ಸರ್ಕಾರ ಹೋಬಳಿ ಮಟ್ಟದಲ್ಲಿ ‘ಕೃಷಿ ಯಂತ್ರಧಾರೆ’ ಬಾಡಿಗೆ ಕೇಂದ್ರಗಳನ್ನು ತೆರೆಯಲು ಮುಂದಾಯಿತು. ಸ್ವಂತ ಯಂತ್ರ ಕೊಳ್ಳಲಾಗದ ಸಣ್ಣ ಹಿಡುವಳಿದಾರನಿಗೆ ಇದು ನಿಜಕ್ಕೂ ಆಸರೆ. ಆದರೆ ಇಂಥ ಯೋಜನೆಗಳ ಯಶಸ್ಸನ್ನು ಅಳೆಯುವುದು ವಿತರಿಸಿದ ಯಂತ್ರಗಳ ಸಂಖ್ಯೆಯಿಂದ. ಅವುಗಳಲ್ಲಿ ಎಷ್ಟು ಇಂದಿಗೂ ಓಡುತ್ತಿವೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಬೇಸಾಯದಲ್ಲಿ ಈ ಲೆಕ್ಕವೇ ಮುಖ್ಯವಾದುದು. ನಗರದಲ್ಲಿ ಕಾರು ಕೆಟ್ಟರೆ ನಾಲ್ಕು ದಿನ ಬಸ್ಸು ಹಿಡಿಯಬಹುದು. ನಾಲೆಗೆ ನೀರು ಬಿಟ್ಟು, ಒಟ್ಟಲು ಪಾತಿಯ ಸಸಿ ನಾಟಿಗೆ ಬಂದಿರುವಾಗ ಟ್ರ್ಯಾಕ್ಟರ್ ನಿಂತರೆ ರೈತ ಕಾಯುವಂತಿಲ್ಲ. ಊರಿನ ಯಂತ್ರಗಳಿಗೆಲ್ಲ ಅದೇ ವಾರ ಬೇಡಿಕೆ ಇರುವುದರಿಂದ ಬದಲಿ ಯಂತ್ರವೂ ಸಿಗುವುದಿಲ್ಲ. ಸಿಕ್ಕರೂ ಬಾಡಿಗೆ ಏರಿರುತ್ತದೆ. ಸಸಿ ಬಲಿತಷ್ಟೂ ಇಳುವರಿ ಕುಗ್ಗುತ್ತದೆ. ಹೀಗೆ ಸಣ್ಣದೊಂದು ಬಿಡಿಭಾಗದ ಕೊರತೆ ಇಡೀ ಹಂಗಾಮಿನ ನಷ್ಟವಾಗಿ ಪರಿಣಮಿಸಬಲ್ಲದು.

ಯಂತ್ರ ಕೆಡುವುದು ದೈವೇಚ್ಛೆಯಲ್ಲ. ಕೆಸರು ಉಳುಮೆಯಲ್ಲಿ ಆಕ್ಸಲ್‌ನ ಆಯಿಲ್ ಸೀಲ್ ಸವೆದಿದ್ದರೆ ಕೆಸರುನೀರು ಒಳಸೇರಿ ಗೇರ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆಗಲೇ ಎಣ್ಣೆ ಬಸಿದು, ಸೀಲ್ ಬದಲಿಸಿದರೆ ಸಣ್ಣ ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ. ಕಡೆಗಣಿಸಿದರೆ ಮೊದಲು ಬೇರಿಂಗ್, ಬಳಿಕ ಗೇರ್ ಹಾಳಾಗುತ್ತದೆ. ಒಣಭೂಮಿಯಲ್ಲಿ ರೋಟಾವೇಟರ್ ಓಡಿಸುವಾಗ ಏಳುವ ದೂಳು ಏರ್ ಫಿಲ್ಟರನ್ನು ದಾಟಿದರೆ ಪಿಸ್ಟನ್ ಮತ್ತು ಲೈನರ್ ಸವೆದು ಎಂಜಿನ್ ಬೋರಿಗೆ ಬರುತ್ತದೆ. ಕ್ಯಾನಿನಲ್ಲಿ ತಂದ ಡೀಸೆಲ್ಲಿನೊಂದಿಗೆ ಬೆರೆತ ನೀರು, ಕಸ ಇಂಧನ ಪಂಪನ್ನೇ ಹಾಳುಗೆಡವುತ್ತದೆ. ಆಯುಧಪೂಜೆಯ ದಿನ ಟ್ರ್ಯಾಕ್ಟರ್‌ಗೆ ಹೂ ಮುಡಿಸಿ ಬೂದುಗುಂಬಳ ಒಡೆಯುವ ಶ್ರದ್ಧೆ, ಉಳಿದ ದಿನಗಳಲ್ಲಿ ಗ್ರೀಸು ತುಂಬುವ, ಎಣ್ಣೆ ನೋಡುವ ಅಭ್ಯಾಸವಾಗಿ ಮುಂದುವರಿದರೆ ಇವುಗಳಲ್ಲಿ ಹೆಚ್ಚಿನವನ್ನು ತಡೆಯಬಹುದು.

ಆದರೆ ಹೊಣೆಯನ್ನೆಲ್ಲ ರೈತನ ಮೇಲೆ ಹೊರಿಸುವುದು ಸರಿಯಲ್ಲ. ಬಾಡಿಗೆಯ ಯಂತ್ರವನ್ನು ಓಡಿಸುವವನು ಅದರ ಒಡೆಯನಲ್ಲ. ಗಂಟೆಯ ಲೆಕ್ಕದಲ್ಲಿ ದುಡಿಯುವ ಚಾಲಕನಿಗೆ ಗ್ರೀಸು ತುಂಬಲು ಹಿಡಿಯುವ ಅರ್ಧ ತಾಸು ಆದಾಯವಿಲ್ಲದ ಅರ್ಧ ತಾಸು. ಇನ್ನು ಕಸುಬು ಬಲ್ಲ ಮೆಕ್ಯಾನಿಕ್‌ಗಳ ಮಾತು. ಐಟಿಐಗಳಲ್ಲಿ ‘ಮೆಕ್ಯಾನಿಕ್ ಟ್ರ್ಯಾಕ್ಟರ್’ ಎಂಬ ವೃತ್ತಿ ಶಿಕ್ಷಣವಿದೆ. ಆದರೆ ಓದಿದ ಹುಡುಗನ ಮುಂದೆ ನಂಜನಗೂಡು, ತಾಂಡವಪುರದ ಕಾರ್ಖಾನೆಗಳ ತಿಂಗಳ ಸಂಬಳವಿರುವಾಗ, ಹಂಗಾಮಿಗೆ ತಕ್ಕಂತೆ ಏರಿಳಿಯುವ ಹಳ್ಳಿಯ ಗ್ಯಾರೇಜು ಅವನನ್ನು ಸೆಳೆಯುವುದು ಕಷ್ಟ. ಕೃಷಿ ಯಂತ್ರಗಳ ತರಬೇತಿ ಮತ್ತು ಪರೀಕ್ಷೆಗೆಂದೇ ಕೇಂದ್ರ ಸರ್ಕಾರ ನಡೆಸುವ ನಾಲ್ಕು ಸಂಸ್ಥೆಗಳಲ್ಲಿ ಒಂದೂ ಕರ್ನಾಟಕದಲ್ಲಿಲ್ಲ. ನಮಗೆ ಹತ್ತಿರದ್ದು ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿದೆ.

ಬಿಡಿಭಾಗಗಳ ವಿಷಯದಲ್ಲಿ ನಮ್ಮ ತೆರಿಗೆ ವ್ಯವಸ್ಥೆಯೇ ಬಹುಕಾಲ ತಲೆಕೆಳಗಾಗಿತ್ತು. ಜಿಎಸ್‌ಟಿಯಡಿ ಹೊಸ ಟ್ರ್ಯಾಕ್ಟರ್‌ಗೆ ಶೇ 12ರ ತೆರಿಗೆಯಿದ್ದರೆ, ಅದರ ಟೈರು ಮತ್ತು ಹಲವು ಬಿಡಿಭಾಗಗಳಿಗೆ ಶೇ 18ರಷ್ಟಿತ್ತು. ಅಂದರೆ ಹಳೆಯದನ್ನು ಉಳಿಸಿಕೊಳ್ಳುವವನು ಹೊಸದನ್ನು ಕೊಳ್ಳುವವನಿಗಿಂತ ಹೆಚ್ಚಿನ ದರದಲ್ಲಿ ತೆರಿಗೆ ತೆರುತ್ತಿದ್ದ. 2025ರ ಸೆಪ್ಟೆಂಬರ್ 22ರಿಂದ ಇವೆಲ್ಲವೂ ಶೇ 5ಕ್ಕೆ ಇಳಿದಿರುವುದು ಸ್ವಾಗತಾರ್ಹ. ಆದರೆ ಬೆಲೆ ಇಳಿದ ಮಾತ್ರಕ್ಕೆ ಬಿಡಿಭಾಗ ಅಂಗಡಿಗೆ ಬಂದುಬಿಡುವುದಿಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿದ್ದ ಎಚ್‌ಎಂಟಿ, ಹರಿಯಾಣದ ಪಿಂಜೋರ್‌ನಲ್ಲಿ 1971ರಿಂದ ಟ್ರ್ಯಾಕ್ಟರ್ ತಯಾರಿಸುತ್ತಿತ್ತು. 2016ರಲ್ಲಿ ಆ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಕಾರ್ಖಾನೆಗೆ ಬೀಗ ಬಿದ್ದರೂ ಹೊಲದಲ್ಲಿರುವ ಯಂತ್ರದ ಆಯುಷ್ಯ ಮುಗಿದಿರುವುದಿಲ್ಲ. ಅಂಥ ಯಂತ್ರದ ಒಡೆಯನಿಗೆ ಗುಜರಿ ಅಂಗಡಿ ಮತ್ತು ಲೇತ್ ಕೆಲಸಗಾರನ ಕೈಚಳಕವಷ್ಟೇ ಆಧಾರ.

ಮುಂದಿನ ಸವಾಲು ಇದಕ್ಕಿಂತ ಜಟಿಲವಾದುದು. ಸಣ್ಣ ಟ್ರ್ಯಾಕ್ಟರ್‌ಗಳ ಎಂಜಿನ್‌ಗಳನ್ನು ಇಂದಿಗೂ ಸ್ಪ್ಯಾನರ್ ಹಿಡಿದು ಸರಿಪಡಿಸಬಹುದು. 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಬಿಗಿಯಾದ ಹೊಗೆ ನಿಯಮ ಅನ್ವಯವಾಗಿದ್ದು, ಎಲೆಕ್ಟ್ರಾನಿಕ್ ನಿಯಂತ್ರಣ ಒಳಬಂದಿದೆ. ಅಲ್ಲಿ ದೋಷ ಪತ್ತೆಗೆ ಕಂಪನಿಯ ಸಾಫ್ಟ್‌ವೇರ್ ಬೇಕು. ಪರಿಸರದ ದೃಷ್ಟಿಯಿಂದ ಈ ನಿಯಮ ಅಗತ್ಯವೇ. ಆದರೆ ದುರಸ್ತಿಯ ಕೀಲಿ ಕಂಪನಿಯ ಕೈಯಲ್ಲಿ ಮಾತ್ರ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕವೇ ನಿದರ್ಶನ. ಅಲ್ಲಿನ ಕೊಲೊರಾಡೊ ರಾಜ್ಯ ಕೃಷಿ ಯಂತ್ರಗಳ ದುರಸ್ತಿಯ ಹಕ್ಕಿಗಾಗಿ 2023ರಲ್ಲಿ ಕಾನೂನನ್ನೇ ತಂದಿತು. ದುರಸ್ತಿಯ ಮೇಲೆ ಏಕಸ್ವಾಮ್ಯ ಸಾಧಿಸಿದ ಆರೋಪದ ಮೇಲೆ ಜಾನ್ ಡಿಯರ್ ಕಂಪನಿಯ ವಿರುದ್ಧ ಅಲ್ಲಿನ ಫೆಡರಲ್ ವ್ಯಾಪಾರ ಆಯೋಗ 2025ರ ಜನವರಿಯಲ್ಲಿ ಮೊಕದ್ದಮೆ ಹೂಡಿತು. ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರಲ್ಲಿ ಸಮಿತಿ ರಚಿಸಿ, ‘ದುರಸ್ತಿಯ ಹಕ್ಕು’ ಪೋರ್ಟಲ್ ಆರಂಭಿಸಿತು. ಆದ್ಯತೆಯ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಯಂತ್ರಗಳೂ ಸೇರಿವೆ. ಆದರೆ ಪೋರ್ಟಲ್‌ನಲ್ಲಿ ಮಾಹಿತಿ ನೀಡುವುದು ಬೇರೆ, ಕಾನೂನಿನ ಕಟ್ಟುಪಾಡು ಬೇರೆ.

ಮಾರಾಟದ ನಂತರದ ಸೇವೆ ಕಂಪನಿಯ ಹೊಣೆಯೇ ಹೊರತು ಸರ್ಕಾರದ್ದಲ್ಲ ಎಂಬ ವಾದವುಂಟು. ಸಾರ್ವಜನಿಕರ ಹಣ ಹಾಕಿ ಕೊಳ್ಳಿಸಿದ ಯಂತ್ರಕ್ಕೆ ಈ ವಾದ ಒಪ್ಪುವುದಿಲ್ಲ. ಸಹಾಯಧನದ ಪಟ್ಟಿಗೆ ಸೇರಬಯಸುವ ಕಂಪನಿಗೆ ಷರತ್ತು ವಿಧಿಸುವ ಅಧಿಕಾರ ಸರ್ಕಾರಕ್ಕಿದೆ: ಕನಿಷ್ಠ ಹತ್ತು ವರ್ಷ ಬಿಡಿಭಾಗಗಳ ಪೂರೈಕೆ, ಬಹಿರಂಗ ದರಪಟ್ಟಿ, ಕನ್ನಡದಲ್ಲಿ ದುರಸ್ತಿ ಕೈಪಿಡಿ. ಬಾಡಿಗೆ ಕೇಂದ್ರ ನಡೆಸುವ ಸಂಸ್ಥೆಗಳಿಗೆ, ಅವುಗಳ ಬಳಿಯಿರುವ ಯಂತ್ರಗಳ ಎಣಿಕೆಯ ಬದಲು ಬಿತ್ತನೆ, ನಾಟಿಯ ದಿನಗಳಲ್ಲಿ ಅವು ಎಷ್ಟು ದಿನ ಓಡಿದವು ಎಂಬುದನ್ನು ಮಾನದಂಡವಾಗಿಸಬೇಕು. ಚಾಲಕನ ನಿರ್ವಹಣೆಯ ವೇಳೆಗೂ ಕೂಲಿ ಸಲ್ಲಬೇಕು. ಕೈಯಿಂದಲೇ ಕಸುಬು ಕಲಿತ ಊರಿನ ಮೆಕ್ಯಾನಿಕ್‌ಗೆ ಹೋಬಳಿ ಮಟ್ಟದಲ್ಲೇ ಮರುತರಬೇತಿ, ಪ್ರಮಾಣಪತ್ರ ಮತ್ತು ಉಪಕರಣಗಳಿಗೆ ಸಾಲ ಸಿಗಬೇಕು.

ಇದಕ್ಕೆ ಹೊಸದೊಂದು ಬೃಹತ್ ಯೋಜನೆಯ ಅಗತ್ಯವಿಲ್ಲ. ಖರೀದಿಗೆ ಮೀಸಲಿಡುವ ಹಣದಲ್ಲಿ ಒಂದು ಪಾಲನ್ನು ದುರಸ್ತಿಗೆ ತಿರುಗಿಸಿದರೆ ಸಾಕು. ಮುಂದಿನ ಬಜೆಟ್‌ನಲ್ಲಿ ಹೊಸ ಯಂತ್ರಗಳ ಸಂಖ್ಯೆಯನ್ನು ಘೋಷಿಸುವ ಮುನ್ನ, ಹಿಂದೆ ಕೊಟ್ಟವುಗಳಲ್ಲಿ ಕೆಟ್ಟು ನಿಂತಿರುವವು ಎಷ್ಟು ಎಂಬುದನ್ನು ಕೃಷಿ ಇಲಾಖೆ ಹೋಬಳಿವಾರು ಪ್ರಕಟಿಸಲಿ. ಸುಧಾರಣೆ ಆ ಪಟ್ಟಿಯಿಂದಲೇ ಆರಂಭವಾಗಬಹುದು.