ಕರಡಿಯ ಗುಡ್ಡದಲ್ಲಿ ಕಾಲುದಾರಿ

ಬೇಲೂರು, ಹಳೇಬೀಡು ಹಾಗೂ ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಒಂದು ಮಾತು ನನ್ನ ಕಿವಿಗೆ ಪದೇ ಪದೇ ಬೀಳುತ್ತಿದೆ. ಗುಡಿ ನೋಡಲು ಬಂದವರು ಅರ್ಧ ದಿನದಲ್ಲಿ ಹಿಂದಿರುಗುತ್ತಾರೆ. ಅರಸೀಕೆರೆ ಸೀಮೆಯ ಕಾಡುಗುಡ್ಡಗಳಲ್ಲಿ ಒಂದು ಚಾರಣದ ದಾರಿ ತೆರೆದರೆ ಅವರು ಇನ್ನೊಂದು ದಿನ ಉಳಿದಾರು, ನಾಲ್ಕು ಮನೆಗಳಿಗೆ ಅನ್ನವಾದೀತು ಎಂಬುದು ಆ ಮಾತು. ಹೇಳುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಅವರ ಆಸೆ ತಪ್ಪೆಂದು ನಾನು ಹೇಳಲಾರೆ. ಹೊಯ್ಸಳರ ಕಥೆಯೇ ಕಾಡಿನಲ್ಲಿ ಆರಂಭವಾದುದಲ್ಲವೆ? ಸೊಸೆವೂರಿನ ಅರಣ್ಯದಲ್ಲಿ ಸಳನು ಹುಲಿಯನ್ನು ಎದುರಿಸಿದನೆಂಬ ಐತಿಹ್ಯವನ್ನು ಬೇಲೂರಿನ ಬಾಗಿಲಲ್ಲೇ ಕಲ್ಲಿನಲ್ಲಿ ನಿಲ್ಲಿಸಿದ್ದಾರೆ. ಆದರೆ ನಮ್ಮ ಗುಡ್ಡಗಳಲ್ಲಿ ಇಂದು ಎದುರಾಗುವುದು ಹುಲಿಯಲ್ಲ, ಕರಡಿ. ಚರ್ಚೆ ಅಲ್ಲಿಂದ ಹೊರಡಬೇಕು.

ಹಿರೇಕಲ್ಲು ಗುಡ್ಡದ ಸಾಲನ್ನು ರೈಲಿನ ಕಿಟಕಿಯಿಂದ ನೋಡಿದವರು ಅದನ್ನು ಕಾಡೆಂದು ಒಪ್ಪುವುದಿಲ್ಲ. ಮಲೆನಾಡಿನ ಹಸಿರು ಕಂಡ ಕಣ್ಣಿಗೆ ಇದು ಬರಡು ಗುಡ್ಡ. ದಿಂಡಿಗ, ಚುಜ್ಜಲು, ಕಗ್ಗಲಿ, ಕಕ್ಕೆ, ನಡುವೆ ಮುಳ್ಳುಪೊದೆ, ಮೇಲೆ ಬಂಡೆಗಳು. ಬೇಸಿಗೆಯಲ್ಲಿ ಎಲೆಯುದುರಿ ಎಲುಬಿನಂತೆ ನಿಲ್ಲುವ ಈ ಕುರುಚಲು ಕಾಡಿಗೂ ತನ್ನದೇ ಆದ ವಂಶಾವಳಿ ಇದೆ. ಕರಡಿಗೆ ಬೇಕಾದುದೂ ಇದೇ. ಹಗಲು ಮಲಗಲು ಬಂಡೆಗಳ ಸಂದಿನ ಗವಿ, ಅಗೆಯಲು ಗೆದ್ದಲ ಹುತ್ತ, ಋತುವಿಗೆ ತಕ್ಕಂತೆ ಎಲಚಿ, ನೇರಳೆ, ಕಕ್ಕೆಯ ಕಾಯಿ.

ಹಲವು ವರ್ಷಗಳ ಹಿಂದೆ ಮಾಲೇಕಲ್ಲು ತಿರುಪತಿಯ ಮೆಟ್ಟಿಲುಗಳನ್ನು ಏಳನೆಯ ತರಗತಿಯ ಮಕ್ಕಳೊಂದಿಗೆ ಹತ್ತಿದ್ದೆ. ದಾರಿಯ ಪಕ್ಕ ಒಣಗಿದ ಲದ್ದಿಯಲ್ಲಿ ಕಕ್ಕೆಯ ಬೀಜಗಳು ಹೊಳೆಯುತ್ತಿದ್ದವು. ಕುರಿ ಕಾಯುವ ಮನೆಯ ಹುಡುಗನೊಬ್ಬ, ‘ಕರಡಿ ಉಂಡು ಬಿತ್ತಿದ್ದು, ಸಾರ್’ ಎಂದ. ಬೀಜಪ್ರಸಾರದ ಪಾಠವನ್ನು ನಾನು ಅನೇಕ ವರ್ಷ ಕಪ್ಪುಹಲಗೆಯ ಮೇಲೆ ಹೇಳಿದ್ದೆ. ಅದನ್ನು ನಾಲ್ಕು ಪದಗಳಲ್ಲಿ ಮುಗಿಸಿದವನು ಅವನು. ಅಂದು ನಾವು ಮಾಡಿದ ಇನ್ನೊಂದು ಕೆಲಸವನ್ನೂ ಹೇಳಬೇಕು. ಮೇಲೆ ಬುತ್ತಿ ಉಂಡು, ಪ್ಲಾಸ್ಟಿಕ್ ಚೀಲಗಳನ್ನು ಅಲ್ಲೇ ಬಿಟ್ಟು, ಹಾಡುತ್ತ ಇಳಿದುಬಂದೆವು. ಯಾರೂ ಬೇಡವೆನ್ನಲಿಲ್ಲ, ಎನ್ನಬೇಕಾದವನು ನಾನೇ ಆಗಿದ್ದೆ.

ಕಾಡನ್ನು ಪೂರ್ತಿ ಮುಚ್ಚಿಡಿ ಎಂಬವರನ್ನು ನಾನು ಒಪ್ಪದಿರುವುದು ಆ ಹುಡುಗನಿಂದಾಗಿ. ಯಾರೂ ಕಾಲಿಡದ ಗುಡ್ಡದ ಪರವಾಗಿ ನಾಳೆ ಮಾತಾಡುವವರೂ ಇರುವುದಿಲ್ಲ. ಆದರೆ ತೆರೆಯಿರಿ ಎಂಬವರು ಕುಮಾರಪರ್ವತವನ್ನು ನೆನೆಯಲಿ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಪುಷ್ಪಗಿರಿ ವನ್ಯಧಾಮದ ಆ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳನ್ನು ನಾಡೆಲ್ಲ ನೋಡಿತು. ಆನ್‌ಲೈನ್ ಕಾಯ್ದಿರಿಸುವ ವ್ಯವಸ್ಥೆ ಇಲ್ಲದ ಚಾರಣಗಳನ್ನು ಸರ್ಕಾರ ತಡೆಹಿಡಿಯಿತು. ಆಮೇಲೆ ಅದೇ ವರ್ಷ ದಿನಕ್ಕೆ ಮುನ್ನೂರು ಜನರ ಮಿತಿಯೊಡನೆ ಮತ್ತೆ ತೆರೆಯಿತು. ಮಿತಿ ಬಂದುದು ಒಳ್ಳೆಯದೇ. ಆದರೆ ಆ ಮುನ್ನೂರನ್ನು ಎತ್ತಿ ತಂದು ನಮ್ಮ ಗುಡ್ಡದ ಮೇಲಿಡುವುದು ವಿವೇಕವಲ್ಲ. ಅಲ್ಲಿಯದು ಶೋಲೆ, ಹುಲ್ಲುಗಾವಲುಗಳ ಎತ್ತರದ ಪರ್ವತ. ಇಲ್ಲಿ ಒಂದು ಗುಡ್ಡಕ್ಕೆ ನಾಲ್ಕಾರು ಗವಿಗಳು.

ಕರಡಿಯ ದೃಷ್ಟಿ ಮಂದ. ಹತ್ತಿರ ಬರುವವರೆಗೂ ಅದಕ್ಕೆ ಮನುಷ್ಯನ ಅರಿವಾಗದೆ, ಬೆಚ್ಚಿ ಮೇಲೆ ಬೀಳುವುದುಂಟು. ಬೆನ್ನ ಮೇಲೆ ಮರಿಗಳಿರುವ ತಾಯಿಯಂತೂ ಕೇಳಲೇಬೇಡಿ. ಪ್ರವಾಸಿ ಕಾಡನ್ನು ಕಲಕಿ ಸಂಜೆಗೆ ತನ್ನ ಊರು ಸೇರುತ್ತಾನೆ. ಕಲಕಿದ ಕರಡಿಯನ್ನು ಮರುದಿನ ನಸುಕಿನಲ್ಲಿ ಎದುರಿಸುವವಳು ಸೌದೆಗೆ ಹೋದ ಹೆಂಗಸು. ಆದ್ದರಿಂದ ದಾರಿ ಗವಿಗಳಿಂದ ದೂರವಿರಲಿ, ಬಿಸಿಲೇರಿದ ಮೇಲೆ ಹತ್ತಿ ಹೊತ್ತು ಇಳಿಯುವ ಮುನ್ನ ಕೆಳಗಿರಬೇಕು; ಸೂರ್ಯೋದಯ ನೋಡುವ ಚಪಲ ಇಲ್ಲಿ ಬೇಡ. ಕಾಡ್ಗಿಚ್ಚಿನ ತಿಂಗಳುಗಳಲ್ಲಿ ದಾರಿಯನ್ನು ಮುಚ್ಚಿರಬೇಕು. ಹೊಸ ದಾರಿ ಕಡಿಯುವುದಂತೂ ಸಲ್ಲದು. ಕುರಿಗಾಹಿಗಳೂ ಹರಕೆಯವರೂ ತುಳಿದ ಹಾದಿಗಳೇ ಸಾಕಷ್ಟಿವೆ. ಜೇನುಕಲ್ಲು ಸಿದ್ಧೇಶ್ವರನ ಬೆಟ್ಟಕ್ಕೆ ಹುಣ್ಣಿಮೆಗೆ ಹತ್ತುವ ಜನರನ್ನು ನೋಡಿರಿ, ಅವರಾರೂ ದಾರಿಫಲಕ ಕೇಳಿದವರಲ್ಲ.

ಕರಡಿಯನ್ನು ನೋಡಲೇಬೇಕೆಂಬವರಿಗೆ ದರೋಜಿ ಇದೆ. ಹಂಪಿಯ ಸಮೀಪ 1994ರಲ್ಲಿ ಆದ ಆ ಕರಡಿಧಾಮದಲ್ಲಿ ಬಂಡೆಗಳಿಗೆ ಬೆಲ್ಲದ ಪಾಕ ಸವರಿಡುತ್ತಾರೆ. ನೋಡುವವರು ದೂರದ ವೀಕ್ಷಣಾ ಗೋಪುರದಲ್ಲಿ ಸುಮ್ಮನೆ ಕುಳಿತಿರಬೇಕು. ಕಾಡುಪ್ರಾಣಿಗೆ ಬೆಲ್ಲದ ರುಚಿ ಹಿಡಿಸುವುದು ನನಗೆ ಅಷ್ಟಾಗಿ ರುಚಿಸದು. ಆದರೂ ನಡೆಯುವವನಿಗಿಂತ ಕುಳಿತವನು ಕಾಡಿಗೆ ಕಡಿಮೆ ಭಾರ ಎಂಬ ಲೆಕ್ಕ ಅಲ್ಲಿ ಸರಿಯಾಗಿದೆ.

ಇನ್ನು ಹಣದ ಮಾತು. ಇಂಥ ಯೋಜನೆಗಳಲ್ಲಿ ಮೊದಲು ಏಳುವುದು ಸಿಮೆಂಟಿನ ಕಮಾನು. ದಾರಿ ಹಾಳಾಗುವುದು ಮಾತ್ರ ಸದ್ದಿಲ್ಲದೆ: ಇಳಿಜಾರಿನಲ್ಲಿ ಮಳೆನೀರು ಕಾಲುದಾರಿಯನ್ನೇ ಕಾಲುವೆ ಮಾಡಿಕೊಳ್ಳುತ್ತದೆ, ನಡೆಯುವವರು ಕೊರಕಲನ್ನು ಬಿಟ್ಟು ಪಕ್ಕಕ್ಕೆ ಸರಿಯುತ್ತಾರೆ, ಮೂರು ಮಳೆಗಾಲದಲ್ಲಿ ಒಂದಾಳು ದಾರಿ ಬಂಡಿದಾರಿಯಾಗುತ್ತದೆ. ಅಲ್ಲಲ್ಲಿ ಅಡ್ಡಲಾಗಿ ಕಲ್ಲುಸಾಲು ಹೂಡಿ ನೀರನ್ನು ಬದಿಗೆ ತಿರುಗಿಸುವ ವಿದ್ಯೆ ನಮ್ಮ ಹೊಲದ ಬದು ಕಟ್ಟುವವರಿಗೆ ಗೊತ್ತು. ಗುಡ್ಡದ ತಪ್ಪಲಿನ ಅಂಥ ಇಬ್ಬರಿಗೆ ವರ್ಷವಿಡೀ ಸಂಬಳ ಗೊತ್ತುಮಾಡಿ, ಜೊತೆಗೆ ನಡೆದು ದಾರಿ ತೋರುವ ಕೆಲಸವನ್ನು ಕುರಿ ಕಾದು ಬೆಳೆದ ಹುಡುಗರಿಗೆ ವಹಿಸಲಿ. ಕಮಾನಿನ ವಿಚಾರವನ್ನು ಆಮೇಲೆ ನೋಡೋಣ. ಚಾರಣದ ದಾರಿಗೆ ಮನವಿ ಬರೆಯುತ್ತಿರುವ ನನ್ನ ಹಳೆಯ ಶಿಷ್ಯರು ಸಹಿಗಾಗಿ ಬಂದಾಗ, ಆ ಸಂಬಳದ ಸಾಲು ಕಾಗದದಲ್ಲಿ ಇದೆಯೇ ಎಂದು ಮೊದಲು ಕೇಳುವವನಿದ್ದೇನೆ.